ಡಾ. ಪಲ್ಪು: ತಿರುವಾಂಕೂರಿಗೆ ಬೇಡವಾದ ವೈದ್ಯ, ಮೈಸೂರಿಗೆ ದಕ್ಕಿದ ವಿಜ್ಞಾನಿ

ನಮ್ಮ ಅರಸೀಕೆರೆ ಜಂಕ್ಷನ್ನಲ್ಲಿ ಹುಬ್ಬಳ್ಳಿ ರೈಲು ಕಂಡಾಗೆಲ್ಲ ನನಗೆ 1898 ನೆನಪಾಗುತ್ತೆ. ಆ ವರ್ಷ ಪ್ಲೇಗು ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದದ್ದು ಇದೇ ಹಳಿ ಹಿಡಿದು. ಅಲ್ಲಿ ಜೀವದ ಹಂಗು ತೊರೆದು ರೋಗಿಗಳ ನಡುವೆ ದುಡಿದವರಲ್ಲಿ ಡಾ. ಪದ್ಮನಾಭನ್ ಪಲ್ಪು (1863–1950) ಒಬ್ಬರು. ಮದರಾಸಿನಲ್ಲಿ ವೈದ್ಯಕೀಯ ಓದಿದ್ದರೂ, ಈಳವ ಜಾತಿಯವರೆಂದು ತವರು ತಿರುವಾಂಕೂರು ಕೆಲಸ ಕೊಡಲಿಲ್ಲ, ಮೈಸೂರು ಕೊಟ್ಟಿತು. ಬೆಂಗಳೂರಲ್ಲಿ ಸಿಡುಬಿನ ಲಸಿಕೆ ತಯಾರಿಕೆ ನೋಡಿಕೊಂಡರು, ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದರು. 1896ರಲ್ಲಿ 13,176 ಸಹಿಗಳ ಈಳವ ಮನವಿಯನ್ನು ತಿರುವಾಂಕೂರಿಗೆ ಸಲ್ಲಿಸಿದ್ದೂ, 1903ರಲ್ಲಿ ನಾರಾಯಣ ಗುರುಗಳ ಎಸ್‌ಎನ್‌ಡಿಪಿ ಕಟ್ಟಲು ಮುಂದೆ ನಿಂತಿದ್ದೂ ಇವರೇ.

ಮೀಸಲಾತಿಯ ಮಾತು ಬಂದಾಗ ‘ಮೆರಿಟ್’ ಎನ್ನೋರಿಗೆ ನಾನು ಪಲ್ಪು ಹೆಸರು ಹೇಳ್ತೀನಿ. ಅವರಿಗೆ ಮೆರಿಟ್ ಇತ್ತು, ಸಿಗದೇ ಹೋದದ್ದು ಬಾಗಿಲು.