ಗುಲಾಬಿ ಕಾಗದದ ಕಥೆ

1952ನೆಯ ಇಸವಿಯ ಆಗಸ್ಟ್ ತಿಂಗಳು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ವ್ಯಾಧಿಯ ಹಾವಳಿ. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಗೆ ದಿನವೂ ಉಸಿರಾಡಲಾರದ ರೋಗಿಗಳು ಬರುತ್ತಿದ್ದರು. ಅಂಥವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಗಂಟಲಿಗೆ ಕೊಳವೆ ಹಾಕಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಅವಳಿಗೆ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕುಳಿತು ಹಾಗೆಯೇ ಚೀಲವನ್ನು ಒತ್ತಿದರು. ಸಾವಿನ ಪ್ರಮಾಣ ಬಹುಮಟ್ಟಿಗೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕ, ಅದರ ವೆಂಟಿಲೇಟರ್ ಯಂತ್ರ, ಇವುಗಳ ಬೇರು ಆ ಪಿಡುಗಿನ ದಿನಗಳಲ್ಲಿದೆ. 1960ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವೈದ್ಯರು, ನಿಂತ ಹೃದಯವನ್ನು ಎದೆಯ ಮೇಲಿನಿಂದಲೇ ಒತ್ತಿ ನಡೆಸುವ ವಿಧಾನವನ್ನು ಪ್ರಕಟಿಸಿದರು. ಹೀಗೆ ಕೇವಲ ಎಂಟು ವರ್ಷಗಳಲ್ಲಿ, ಉಸಿರು ನಿಂತರೆ ಮುಗಿಯಿತು, ಹೃದಯ ನಿಂತರೆ ಮುಗಿಯಿತು ಎಂಬ ಹಳೆಯ ನಂಬಿಕೆ ಅಲುಗಿತು.

ಆದರೆ ಬದುಕಿಸುವ ಉಪಾಯ ಕೈಗೆ ಬಂದೊಡನೆ, ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯೂ ಬೆನ್ನ ಹಿಂದೆಯೇ ಬಂದಿತು. ವೈದ್ಯರಿಗೆ ಈ ಗೊಂದಲ ಬಹುಬೇಗ ಹತ್ತಿತು. 1957ರಲ್ಲಿ ಅರಿವಳಿಕೆ ವೈದ್ಯರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಪೋಪ್ ಹನ್ನೆರಡನೆಯ ಪಿಯಸ್, ಅಸಾಧಾರಣ ಉಪಾಯಗಳಿಂದ ಜೀವವನ್ನು ಹಿಡಿದಿಡಬೇಕೆಂಬ ಕಟ್ಟು ಯಾರಿಗೂ ಇಲ್ಲವೆಂದರು. ಆಸ್ಪತ್ರೆಗಳಲ್ಲಿಯೋ ಎಲ್ಲವೂ ಗುಟ್ಟು. ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ, ಯಾರನ್ನು ಮರಳಿ ಎಬ್ಬಿಸಲು ಯತ್ನಿಸಬಾರದೋ ಅವರ ಚೀಟಿಗೆ ನೇರಿಳೆ ಬಣ್ಣದ ಚುಕ್ಕೆ ಅಂಟಿಸುತ್ತಿದ್ದರೆಂದೂ, ರೋಗಿ ಸತ್ತ ಮೇಲೆ ಆ ಚೀಟಿಯನ್ನೇ ಎಸೆದುಬಿಡುತ್ತಿದ್ದರೆಂದೂ 1984ರಲ್ಲಿ ಬಯಲಾಯಿತು. ಚುಕ್ಕೆ ಬಿದ್ದ ಮನುಷ್ಯನನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ಕೇಳಿದ್ದಕ್ಕೆ ದಾಖಲೆಯೇ ಉಳಿಯುತ್ತಿರಲಿಲ್ಲ.

ರೋಗಿಯ ಮಾತನ್ನೇ ಬರೆದಿಡಬೇಕೆಂಬ ಆಲೋಚನೆ ಇದರ ಎದುರಿಗೆ ಬೆಳೆಯಿತು. ಷಿಕಾಗೋದ ವಕೀಲ ಲೂಯಿ ಕಟ್ನರ್ 1969ರಲ್ಲಿ ‘ಜೀವಂತ ಉಯಿಲು’ ಎಂಬುದರ ಕರಡನ್ನು ಮುಂದಿಟ್ಟರು. ಸತ್ತ ಮೇಲೆ ಆಸ್ತಿಯ ವಿಚಾರವನ್ನು ಉಯಿಲು ಹೇಳಿದರೆ, ಬದುಕಿದ್ದೂ ಮಾತು ನಿಂತಾಗ ದೇಹದ ವಿಚಾರವನ್ನು ಇದು ಹೇಳುತ್ತದೆ. 1976ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ, ಪ್ರಜ್ಞೆ ತಪ್ಪಿ ಮಲಗಿದ್ದ ಕ್ಯಾರೆನ್ ಕ್ವಿನ್ಲನ್ ಎಂಬ ತರುಣಿಯ ಉಸಿರಿನ ಯಂತ್ರವನ್ನು ತೆಗೆಯಲು ಅವಳ ತಂದೆಗೆ ಅನುಮತಿ ಕೊಟ್ಟಿತು. ಯಂತ್ರ ತೆಗೆದ ಮೇಲೆ ಅವಳು ತಾನಾಗಿಯೇ ಉಸಿರಾಡುತ್ತ 1985ರವರೆಗೆ ಬದುಕಿದ್ದಳೆಂಬುದು ವೈದ್ಯರ ಭವಿಷ್ಯವಾಣಿಗೆ ಎಷ್ಟು ಬೆಲೆಯೆಂಬುದನ್ನು ತೋರಿಸುತ್ತದೆ. 1976ರಲ್ಲೇ ಕ್ಯಾಲಿಫೋರ್ನಿಯ ಇಂಥ ಉಯಿಲಿಗೆ ಕಾಯಿದೆಯ ಮನ್ನಣೆ ನೀಡಿತು.

ಆದರೂ ಉಯಿಲು ಪೆಟ್ಟಿಗೆಯಲ್ಲಿ ಉಳಿಯಿತು. ನಡುರಾತ್ರಿ ಆಂಬುಲೆನ್ಸಿನವರು ಮನೆಯೊಳಗೆ ನುಗ್ಗಿದಾಗ ಅದನ್ನು ಹುಡುಕುವವರಾರು? ಸಿಕ್ಕರೂ ವಕೀಲರ ಭಾಷೆಯ ಹಾರೈಕೆಯನ್ನು ಆ ಗಳಿಗೆಯಲ್ಲಿ ಆಜ್ಞೆಯೆಂದು ಓದುವವರಾರು? 1991ರಲ್ಲಿ ಆರಿಗನ್ ಸಂಸ್ಥಾನದ ವೈದ್ಯರೂ ನೀತಿಚಿಂತಕರೂ ಕೂಡಿ ಕುಳಿತು ಇದಕ್ಕೆ ಪರಿಹಾರ ಹುಡುಕಿದರು. ತೀರ ಕಾಯಿಲೆಯಾದವರೊಡನೆ ವೈದ್ಯರು ಮಾತಾಡಿ, ಅವರ ಇಚ್ಛೆಯನ್ನು ಒಂದೇ ಹಾಳೆಯ ಮೇಲೆ ವೈದ್ಯಕೀಯ ಆದೇಶವಾಗಿ ಬರೆದು ರುಜು ಹಾಕುವುದು. ರೋಗಿ ಎಲ್ಲಿಗೆ ಹೋದರೆ ಹಾಳೆಯೂ ಅಲ್ಲಿಗೆ ಹೋಗುವುದು. ಕಣ್ಣಿಗೆ ಹೊಡೆಯುವಂತೆ ಅದನ್ನು ಕಡು ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿದರು. ‘ಪೋಲ್‌ಸ್ಟ್’ ಎಂಬ ಹೆಸರಿನಿಂದ ಅದು ಉಳಿದ ಸಂಸ್ಥಾನಗಳಿಗೂ ಹರಡಿತು. 2009ರಲ್ಲಿ ಆರಿಗನ್, ಆಂಬುಲೆನ್ಸಿನವರು ಹೊತ್ತಲ್ಲದ ಹೊತ್ತಿನಲ್ಲೂ ಕೇಳಿ ತಿಳಿಯುವಂತೆ ಇವುಗಳ ನೋಂದಣಿಯನ್ನೂ ತೆರೆಯಿತು.

ಈ ಹಾಳೆಯನ್ನು ರೂಪಿಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು: ಬರೆದ ಮಾತು ಹಳತಾಗುತ್ತದೆ. ಆದುದರಿಂದ ರೋಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋದಾಗ, ದೇಹಸ್ಥಿತಿ ಗಣನೀಯವಾಗಿ ಬದಲಾದಾಗ, ಮನಸ್ಸು ಬದಲಾದಾಗ, ಹಾಳೆಯನ್ನು ಮತ್ತೆ ಓದಿ ಮತ್ತೆ ಕೇಳಬೇಕೆಂದು ಗೊತ್ತುಮಾಡಿದರು. ಬಹುಕಾಲ ಇದು ಒಳ್ಳೆಯ ಉಪದೇಶ ಮಾತ್ರವಾಗಿತ್ತು. 2020ರಲ್ಲಿ ಕೊರೋನಾ ಬಂದಾಗ ಅದರ ಅರ್ಥ ತಿಳಿಯಿತು.

ವೃದ್ಧಾಶ್ರಮದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ನಾಲ್ಕು ವರ್ಷಗಳ ಹಿಂದೆ, ಮಾಗಿದ ಹೃದ್ರೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಉಸಿರಿನ ಯಂತ್ರ ಬೇಡ’ ಎಂದು ಬರೆಸಿದ್ದಾಳೆ. ಈಗ ಬಂದಿರುವುದು ಬೇರೆ ರೋಗ, ಗುಣವಾಗಲೂಬಹುದು. ಕೆಲವು ದಿನ ಯಂತ್ರದ ಸಹಾಯ ಪಡೆದು ನೋಡೋಣವೆನ್ನುವಳೋ, ಅಥವಾ ಆಸ್ಪತ್ರೆಯಲ್ಲಿ ಮಕ್ಕಳ ಮುಖ ಕಾಣದೆ ಸಾಯುವುದಕ್ಕಿಂತ ಇಲ್ಲಿಯೇ ಇರುವೆನೆನ್ನುವಳೋ? ಹಳೆಯ ಹಾಳೆ ಇದಕ್ಕೆ ಉತ್ತರ ಹೇಳಲಾರದು, ಅವಳನ್ನೇ ಕೇಳಬೇಕು. ಆದರೆ ಕೇಳಬೇಕಾದ ಮಕ್ಕಳು ಬಾಗಿಲಾಚೆ, ವೈದ್ಯರು ಮುಖಗವಸಿನ ಹಿಂದೆ, ಮಾತುಕತೆ ದೂರವಾಣಿಯಲ್ಲಿ.

ಇಂಗ್ಲೆಂಡಿನಲ್ಲಿ ಇದರ ಕರಾಳ ಮುಖವೂ ಕಂಡಿತು. ಹೃದಯವನ್ನು ಮರಳಿ ನಡೆಸಲು ಯತ್ನಿಸಬಾರದೆಂಬ ಆದೇಶದ ಮುನ್ನ ರೋಗಿಯನ್ನು ಕೇಳಬೇಕೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2014ರಲ್ಲೇ ಹೇಳಿತ್ತು. ಆದರೂ 2020ರ ವಸಂತದಲ್ಲಿ ಒಂದು ಆಶ್ರಮದವರಿಗೆಲ್ಲ ಒಟ್ಟಾಗಿ ಅಂಥ ಆದೇಶ ಹಚ್ಚಿದರೆಂಬ ದೂರುಗಳು ಎದ್ದವು. ವೈದ್ಯರ ಸಂಘವೂ ತಪಾಸಣಾ ಆಯೋಗವೂ ಹಾಗೆ ಗುಂಪುಗುಂಪಾಗಿ ಮಾಡಕೂಡದೆಂದು ಏಪ್ರಿಲ್‌ನಲ್ಲಿ ಸಾರಿದವು. ಆಯೋಗವು 2021ರ ಮಾರ್ಚಿಯಲ್ಲಿ ಕೊಟ್ಟ ವರದಿಯ ಪ್ರಕಾರ, ಸಂಬಂಧಪಟ್ಟವರೊಡನೆಯಾಗಲಿ ಅವರ ಬಂಧುಗಳೊಡನೆಯಾಗಲಿ ಒಪ್ಪಿತವಾಗದ ಆದೇಶಗಳು ಐನೂರಕ್ಕೂ ಹೆಚ್ಚು. ನೇರಿಳೆ ಚುಕ್ಕೆಗೂ ಇದಕ್ಕೂ ಏನು ಅಂತರ?

ಈ ಕಥೆ ನಮಗೆ ದೂರದ್ದಲ್ಲ. ಮುಂಬಯಿಯ ಆಸ್ಪತ್ರೆಯಲ್ಲಿ 1973ರಿಂದ 2015ರವರೆಗೆ ಪ್ರಜ್ಞೆಯಿಲ್ಲದೆ ಮಲಗಿದ್ದ ದಾದಿ ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಅವರ ಪ್ರಕರಣದಲ್ಲಿಯೇ 2011ರಲ್ಲಿ ಸುಪ್ರೀಂ ಕೋರ್ಟು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವ ದಾರಿಯನ್ನು ಮೊದಲಿಗೆ ತೆರೆಯಿತು. 2018ರ ತೀರ್ಪು ಜೀವಂತ ಉಯಿಲನ್ನು ಮಾನ್ಯಮಾಡಿತು. ಮ್ಯಾಜಿಸ್ಟ್ರೇಟರ ರುಜು ಬೇಕೆಂಬ ಅದರ ತೊಡಕನ್ನು 2023ರಲ್ಲಿ ಸಡಿಲಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಮಾಡಿದರೆ ಸಾಕೆಂದಿತು. ಆ ತೀರ್ಪನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಬರೆದವರು ತಮ್ಮ ಉಯಿಲನ್ನು ಯಾವಾಗ ಬೇಕಾದರೂ ಲಿಖಿತವಾಗಿ ಬದಲಾಯಿಸಬಹುದು, ರದ್ದುಮಾಡಬಹುದು.

ಕಾಯಿದೆ ಕೊಟ್ಟ ಈ ಅವಕಾಶವನ್ನು ಮನೆಯವರು ಬಳಸಬೇಕು. ಸಾವಿನ ಮಾತು ಅಪಶಕುನವೆಂದು ಹಿರಿಯರ ಮುಂದೆ ಬಾಯಿ ಮುಚ್ಚುವ ನಾವು, ಒಮ್ಮೆ ಕಷ್ಟಪಟ್ಟು ಬರೆಸಿದ ಮೇಲೆ ಇನ್ನೊಮ್ಮೆ ಆ ಮಾತೆತ್ತಲು ಇನ್ನಷ್ಟು ಹಿಂಜರಿಯುತ್ತೇವೆ. ಹೊಸ ಕಾಯಿಲೆ ಬಂದಾಗ, ಆಸ್ಪತ್ರೆಯಿಂದ ಮನೆಗೆ ಮರಳಿದಾಗ, ಊರಿಗೆ ಪಿಡುಗು ಬಂದಿತೆಂಬ ಸುದ್ದಿ ಕೇಳಿದಾಗ, ಆ ಕಾಗದವನ್ನು ಹೊರತೆಗೆದು ಹಿರಿಯರ ಪಕ್ಕದಲ್ಲಿ ಕುಳಿತು, ಇದರಲ್ಲಿ ಬರೆದಿರುವುದು ಈಗಲೂ ನಿಮ್ಮ ಮಾತೇ ಎಂದು ಕೇಳಬೇಕು. ಹೌದೆಂದರೆ ತಾರೀಖು ಹಾಕಿಸಬೇಕು. ಅಲ್ಲವೆಂದರೆ ಹೊಸದಾಗಿ ಬರೆಸಬೇಕು.