ದುದ್ದಕ್ಕೆ ಐಸು ಬಂದ ದಾರಿ

ಐಸಿಗೂ ಒಂದು ಚರಿತ್ರೆ ಇದೆಯಾ ಅಂತ ನಗಬೇಡಿ. ಇದೆ. ಅದರಲ್ಲಿ ಅಕ್ಬರ್ ಬರ್ತಾನೆ, ಬೋಸ್ಟನ್ನಿನ ವ್ಯಾಪಾರಿ ಬರ್ತಾನೆ, ಕೊನೆಗೆ ನಮ್ಮ ಹಾಸನದ ಆಲೂಗಡ್ಡೆಯೂ ಬರುತ್ತೆ. ಇದನ್ನೆಲ್ಲ ಓದೋಕೆ ನನ್ನನ್ನು ಕೂರಿಸಿದ್ದು ಅಕ್ಕನ ಮಗ. ಬೆಂಗಳೂರಿನ ಕೆಲಸ ಬಿಟ್ಟು ದುದ್ದಕ್ಕೆ ವಾಪಸ್ ಬಂದಿದ್ದಾನೆ. ಮನೆಯ ಮುಂದಿನ ಕೋಣೆಯಲ್ಲಿ ಜ್ಯೂಸ್ ಅಂಗಡಿ ಇಡಬೇಕು, ಅಡುಗೆಮನೆ ಕಟ್ಟೆ ಕೆಳಗೆ ಐಸ್ ಮೆಷಿನ್ ಕೂರಿಸಬೇಕು ಅನ್ನೋದು ಅವನ ಲೆಕ್ಕ. ಕೂಡಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ಅಕ್ಕ ಮಾತ್ರ ಒಂದೇ ಮಾತು: "ಬೋರಲ್ಲಿ ನೀರೇ ಮೇಲೆ ಬರ್ತಿಲ್ಲ, ಇವನಿಗೆ ಐಸು ಬೇಕಂತೆ ನೋಡೋ!"

ಮೊದಲು ಹಳೇ ಕಥೆ. ಅಕ್ಬರನ ಕಾಲದಲ್ಲಿ ನೀರು ತಣ್ಣಗೆ ಮಾಡೋಕೆ ಪೆಟ್ಲುಪ್ಪು ಬಳಸುತ್ತಿದ್ದರು ಅಂತ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಪೆಟ್ಲುಪ್ಪು ನೀರಲ್ಲಿ ಕರಗುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತೆ, ಅದರಲ್ಲಿ ಮುಳುಗಿಸಿದ ಹೂಜಿಯ ನೀರು ತಂಪಾಗುತ್ತೆ. ಲಾಹೋರಿನಲ್ಲಿದ್ದಾಗ ಬೆಟ್ಟಗಳಿಂದ ಹಿಮವನ್ನೇ ತರಿಸುತ್ತಿದ್ದರಂತೆ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅಲಹಾಬಾದಿನ ಕಥೆ. 1775ರಲ್ಲಿ ರಾಬರ್ಟ್ ಬಾರ್ಕರ್ ಅನ್ನೋ ಇಂಗ್ಲಿಷ್ ಅಧಿಕಾರಿಯ ವರದಿಯೊಂದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಚಳಿಗಾಲದಲ್ಲಿ ಬಯಲಲ್ಲಿ ಆಳವಿಲ್ಲದ ಗುಂಡಿ ತೋಡಿ, ಒಣಗಿದ ಕಬ್ಬಿನ ಸೋಗೆ, ಜೋಳದ ಕಡ್ಡಿ ಹಾಸಿ, ಮೇಲೆ ಸಣ್ಣ ಮಣ್ಣಿನ ತಟ್ಟೆಗಳನ್ನು ಜೋಡಿಸುತ್ತಿದ್ದರು. ಸಂಜೆ ಅದರಲ್ಲಿ ಕುದಿಸಿ ಆರಿಸಿದ ನೀರು ತುಂಬಿಟ್ಟರೆ ಬೆಳಗಾಗುವ ಮುಂಚೆ ಐಸ್! ಗಾಳಿ ಅಷ್ಟು ತಣ್ಣಗಿಲ್ಲದಿದ್ದರೂ ನೀರು ಹೆಪ್ಪುಗಟ್ಟುತ್ತಿತ್ತು. ಮೋಡವಿಲ್ಲದ ರಾತ್ರಿ ನೀರಿನ ಬಿಸಿ ನೇರವಾಗಿ ಆಕಾಶಕ್ಕೆ ಹೋಗುತ್ತೆ, ಕೆಳಗಿನ ಸೋಗೆ ನೆಲದ ಬಿಸಿ ಮೇಲೆ ಬರದಂತೆ ತಡೆಯುತ್ತೆ. ಬಿಸಿ ಹೀಗೆ ಆಕಾಶಕ್ಕೆ ಹರಿದುಹೋಗುವುದನ್ನು ವಿವರಿಸಿದವನು ವಿಲಿಯಂ ವೆಲ್ಸ್, 1814ರಲ್ಲಿ ಇಬ್ಬನಿಯ ಬಗ್ಗೆ ಬರೆದ ಪುಸ್ತಕದಲ್ಲಿ. ಕೆಲಸ ಗೊತ್ತಿದ್ದ ಕೂಲಿಯವರಿಗೆ ಕಾರಣ ಬೇಕಾಗಿರಲಿಲ್ಲ ಬಿಡಿ.

ಆಮೇಲೆ ಬಂದವನು ಫ್ರೆಡರಿಕ್ ಟ್ಯೂಡರ್. ಬೋಸ್ಟನ್ ಸುತ್ತಲಿನ ಕೆರೆಗಳು ಚಳಿಗಾಲದಲ್ಲಿ ಗಟ್ಟಿಯಾದಾಗ ಐಸನ್ನು ಕೊಯ್ದು ಹಡಗಿಗೆ ತುಂಬುತ್ತಿದ್ದ. 1833ರ ಮೇ ತಿಂಗಳಲ್ಲಿ ಅವನ 'ಟಸ್ಕನಿ' ಹಡಗು ಸುಮಾರು 180 ಟನ್ ಐಸ್ ಹೊತ್ತು ಕಲ್ಕತ್ತಾಕ್ಕೆ ಹೊರಟಿತು. ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ನಂತರ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು! ಉಳಿಸಿದ್ದು ಸುತ್ತ ತುಂಬಿದ್ದ ಬಿಸಿ ತಡೆಯುವ ಪದರ. ಮುಂದೆ ಮದ್ರಾಸಿನಲ್ಲೂ ಐಸ್ ಹೌಸ್ ಎದ್ದಿತು. ಮರೀನಾ ಬೀಚಿನೆದುರು ಈಗಲೂ ನಿಂತಿರುವ, 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ವಿವೇಕಾನಂದರ್ ಇಲ್ಲಂ ಕಟ್ಟಡ ಅದೇ. ಯಂತ್ರದಲ್ಲಿ ಐಸ್ ಮಾಡುವ ಕಾರ್ಖಾನೆಗಳು ಬಂದ ಮೇಲೆ ಹಡಗಿನ ಐಸನ್ನು ಕೇಳುವವರಿಲ್ಲವಾಯಿತು.

ಆದರೆ ಯಂತ್ರಕ್ಕೆ ಕರೆಂಟ್ ಬೇಕಲ್ಲ? ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹೋಯಿತು. ಹಳ್ಳಿಗಳ ಸರದಿ ಬಂದದ್ದು ಎಷ್ಟೋ ವರ್ಷಗಳ ನಂತರ. ಗೋದ್ರೆಜ್ ನಮ್ಮ ದೇಶದಲ್ಲಿ ಫ್ರಿಜ್ ತಯಾರಿಸಿದ್ದು 1958ರಲ್ಲಿ. ಅದು ನಮ್ಮಂಥವರ ಮನೆಗೆ ಬರೋ ಹೊತ್ತಿಗೆ ಒಂದು ತಲೆಮಾರೇ ಕಳೆದಿತ್ತು.

ಹಾಗಾದರೆ ನಮ್ಮ ಕಡೆಗೆ ತಂಪು ಯಾವ ದಾರಿಯಲ್ಲಿ ಬಂತು? ಜ್ಯೂಸಿನ ಲೋಟದಲ್ಲಿ ಅಲ್ಲ. ಒಂದು ದಾರಿ ಸೈಕಲ್ಲಿನ ಹಿಂದೆ ಕಟ್ಟಿದ ಐಸ್ ಕ್ಯಾಂಡಿ ಡಬ್ಬಿ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ಆಲೂಗಡ್ಡೆ. ಹಾಸನದ ರೈತರು ಬಿತ್ತುವ ಗಡ್ಡೆ ಬರೋದು ದೂರದ ಜಲಂಧರ್ ಕಡೆಯಿಂದ. ಅದು ಕೋಲ್ಡ್ ಸ್ಟೋರೇಜಿನಲ್ಲಿದ್ದು, ಮುಂಗಾರಿಗೆ ಮುಂಚೆ ಹೊರಗೆ ಬಂದು, ನೆರಳಲ್ಲಿ ಹರಡಿಸಿಕೊಂಡು ಮೊಳಕೆ ಬಿಟ್ಟ ಮೇಲೆ ಹೊಲಕ್ಕೆ ಹೋಗುತ್ತೆ. ಒಳಗಿನ ತಂಪು ಕೆಟ್ಟರೆ ಬೆಳೆಯೂ ಕೆಟ್ಟಂತೆ. ಮೂರನೆಯದು ನರ್ಸಮ್ಮನ ಹೆಗಲಿನ ಲಸಿಕೆ ಡಬ್ಬಿ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದಾಗ ಊರೂರು ತಿರುಗಿದ ಆ ಡಬ್ಬಿಯೊಳಗೆ ನಾಲ್ಕು ಐಸ್ ಪ್ಯಾಕ್ ಇರುತ್ತಿತ್ತು. 2011ರ ಜನವರಿಯಲ್ಲಿ ಕಂಡದ್ದೇ ದೇಶದಲ್ಲಿ ವೈಲ್ಡ್ ಪೋಲಿಯೋ ವೈರಸ್ಸಿನ ಕಡೆಯ ಪ್ರಕರಣ, 2014ರಲ್ಲಿ ಭಾರತ ಪೋಲಿಯೋ ಮುಕ್ತವಾಯಿತು. ಆ ಎರಡು ಹನಿಗೆ ಕಾವಲಿದ್ದದ್ದು ಐಸ್.

ಈಗ ಅಳಿಯನ ಮೆಷಿನ್ನಿಗೆ ಬರೋಣ. ನನಗೆ ತಮಾಷೆ ಅನ್ನಿಸಿದ್ದು ಏನು ಗೊತ್ತಾ? ಕಟ್ಟೆ ಕೆಳಗಿನ ಈ ಮೆಷಿನ್ನಿನಲ್ಲಿ ಐಸ್ ಬೀಳುವ ಪೆಟ್ಟಿಗೆ ಫ್ರೀಜರ್ ಅಲ್ಲ! ಸುತ್ತ ಬಿಸಿ ತಡೆಯುವ ಗೋಡೆ ಅಷ್ಟೆ, ಅದೇ ಹಳೇ ಐಸ್ ಹೌಸ್. ಐಸ್ ನಿಧಾನಕ್ಕೆ ಕರಗುತ್ತೆ, ಕರಗಿದ ನೀರು ಹೊರಗೆ ಹರಿಯಲೇಬೇಕು. ಹಾಗಾಗಿ ಮೋರಿ ಇಳಿಜಾರಲ್ಲಿ ಇಲ್ಲದಿದ್ದರೆ ಪಂಪು ಇರುವ ಮಾಡೆಲ್ಲೇ ಬೇಕು. ಗಾಳಿ ಮುಂದಿನಿಂದ ಹೋಗಿ ಬರುವಂಥದ್ದಾದರೆ ಮಾತ್ರ ಮೂರು ಕಡೆ ಮುಚ್ಚಿದ ಗೂಡಿನಲ್ಲಿ ಕೂರಿಸಬಹುದು. ದಿನಕ್ಕೆ ಇಷ್ಟು ಕೆ.ಜಿ. ಅಂತ ಬರೆದಿರೋದು ತಂಪು ಕೋಣೆಯ ಲೆಕ್ಕ, ನಮ್ಮ ಏಪ್ರಿಲ್ ಬಿಸಿಲಲ್ಲಿ ಅಷ್ಟು ಬರಲ್ಲ.

ಐಸ್ ಗಾಜಿನ ಹಾಗೆ ಕಾಣೋದು ಯಾಕೆ? ತಣ್ಣನೆಯ ತಟ್ಟೆಯ ಮೇಲೆ ನೀರು ಹರಿಯುತ್ತಲೇ ಇರುತ್ತೆ. ಶುದ್ಧ ನೀರು ಮೊದಲು ಹೆಪ್ಪುಗಟ್ಟುತ್ತೆ, ಲವಣಗಳು ಕೆಳಗಿನ ತೊಟ್ಟಿಯಲ್ಲಿ ಉಳಿಯುತ್ತವೆ, ಆ ನೀರನ್ನು ಮೆಷಿನ್ ಆಗಾಗ ಹೊರಗೆ ಚೆಲ್ಲುತ್ತೆ. ಅಕ್ಕನ ಚಿಂತೆ ಇರೋದು ಇಲ್ಲೇ. ಬೋರ್ ನೀರು ಗಡಸಾದಷ್ಟೂ ತಟ್ಟೆಗೆ ಸುಣ್ಣದಂಥ ಪದರ ಕಟ್ಟುತ್ತೆ. ಐಸ್ ಬಿಟ್ಟುಕೊಳ್ಳದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ತಟ್ಟೆಗೆ ಸಾಮಾನ್ಯವಾಗಿ ನಿಕಲ್ ಲೇಪ ಇರುತ್ತೆ. ಅದಕ್ಕೆ ಹೊಂದುವ ಕ್ಲೀನರಿನಿಂದ ಆರು ತಿಂಗಳಿಗೊಮ್ಮೆ, ಗಡಸು ನೀರಾದರೆ ಇನ್ನೂ ಬೇಗ ತೊಳೀಬೇಕು. ಕೆರೆಯಬಾರದು. ಬಿಲ್ಲೆಗಳು ತೆಳ್ಳಗೆ ಬಂದರೆ ನೀರು ಬರುವ ಜಾಲರಿ, ಫಿಲ್ಟರ್ ನೋಡಿ. ಪೆಟ್ಟಿಗೆಯಲ್ಲಿ ಬೇಗ ಕರಗಿದರೆ ಬಾಗಿಲಿನ ರಬ್ಬರ್. ಐಸ್ ಕಮ್ಮಿಯಾದರೆ ಕಂಡೆನ್ಸರಿನ ಧೂಳು. ಇಷ್ಟು ಮನೆಯವರೇ ಮಾಡಬಹುದು. ಗ್ಯಾಸಿನ ತಂಟೆಗೆ ಮಾತ್ರ ಹೋಗಬೇಡಿ. ಓಜೋನ್ ಪದರಕ್ಕಾಗಿ 1987ರ ಮಾಂಟ್ರಿಯಲ್ ಒಪ್ಪಂದ ಆದ ಮೇಲೆ ಹಳೇ ಗ್ಯಾಸುಗಳು ಹೋದವು. ಈಗ ಅನೇಕ ಮೆಷಿನ್ನುಗಳಲ್ಲಿ ಇರೋದು ಬೆಂಕಿ ಹತ್ತುವ ಪ್ರೊಪೇನ್ ಜಾತಿಯದು. ಕರೆಂಟ್ ಹೋಗಿ ತಕ್ಷಣ ಬಂದರೆ ಕಂಪ್ರೆಸರಿಗೆ ಪೆಟ್ಟು, ಅದಕ್ಕೆ ಕೆಲವು ನಿಮಿಷ ತಡೆದು ಚಾಲೂ ಮಾಡುವ ಸ್ಟೆಬಿಲೈಸರ್ ಬೇಕು.

ಅಳಿಯನಿಗೆ ಹೇಳಿದ್ದು ಇಷ್ಟೇ: "ಮೆಷಿನ್ ಆಮೇಲೆ, ಮೊದಲು ನೀರು ಪರೀಕ್ಷೆ ಮಾಡಿಸು." "ಆಯ್ತು ಮಾವ, ಚೆಲ್ಲೋ ನೀರನ್ನ ತೆಂಗಿನ ಬುಡಕ್ಕೆ ಬಿಡ್ತೀನಿ," ಅಂದ. ಅಕ್ಕ ಪೂರ್ತಿ ಒಪ್ಪಿಲ್ಲ, ಆದರೆ ಬೈಯೋದು ನಿಲ್ಲಿಸಿದ್ದಾಳೆ. ನೀರಿನ ವರದಿ ಬರೋವರೆಗೆ ಸಣ್ಣ ಫ್ರೀಜರ್ ಇಟ್ಟು ಅಂಗಡಿ ನಡೆಸಲಿ, ಗಿರಾಕಿ ಎಷ್ಟು ಬರ್ತಾರೆ ಅನ್ನೋದೂ ಗೊತ್ತಾಗುತ್ತೆ ಅನ್ನೋದು ನಮ್ಮಿಬ್ಬರ ಈಗಿನ ಒಪ್ಪಂದ.

ನಿಮ್ಮೂರಿಗೆ ಐಸು ಯಾವಾಗ, ಯಾವ ದಾರಿಯಲ್ಲಿ ಬಂತು? ಮನೆಯ ಹಿರಿಯರನ್ನು ಕೇಳಿ ನೀವೂ ಬರೀರಿ. ಇಂಥವನ್ನು ಯಾರೂ ಬರೆದಿಟ್ಟಿರಲ್ಲ, ಅವೂ ಬೇಗ ಕರಗುತ್ತವೆ.