ಆಕಾಶದ ಕಾಲುವೆಗೂ ಕೊನೆಭಾಗವಿದೆ

ದಾವಣಗೆರೆ, ಹರಿಹರದ ಜನರಿಗೆ ಭದ್ರಾ ನಾಲೆಯ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲ್ಭಾಗದಲ್ಲಿ ಒಬ್ಬರು ತೂಬನ್ನು ಹೆಚ್ಚು ಎತ್ತಿದರೆ ಕೊನೆಭಾಗದ ಗದ್ದೆ ಒಣಗುತ್ತದೆ. ನೀರು ಒಂದೇ, ಬಳಸುವವರು ಹಲವರು. ಹವ್ಯಾಸಿ ರೇಡಿಯೋ ಬಳಗದವರು, ಅಂದರೆ ‘ಹ್ಯಾಮ್’ಗಳು, ಉಪಯೋಗಿಸುವ ಕೃತಕ ಉಪಗ್ರಹಗಳಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. ಅಲ್ಲಿ ಹರಿಯುವುದು ನೀರಲ್ಲ, ವಿದ್ಯುಚ್ಛಕ್ತಿ. ಬೆಂಗಳೂರಿನಲ್ಲಿ ತಯಾರಾಗಿ ಒಂಬತ್ತು ವರ್ಷ ಜಗತ್ತಿನ ಹ್ಯಾಮ್‌ಗಳ ಮಾತನ್ನು ಹೊತ್ತ ಒಂದು ಪುಟ್ಟ ಉಪಗ್ರಹದ ಇತಿಹಾಸ ಈ ಲೆಕ್ಕವನ್ನು ಚೆನ್ನಾಗಿ ತಿಳಿಸುತ್ತದೆ.

ಕಥೆಯ ಮೊದಲು ಅಮೆರಿಕದಲ್ಲಿದೆ. ರಷ್ಯದ ಸ್ಪುಟ್ನಿಕ್ 1957ರ ಅಕ್ಟೋಬರ್ 4ರಂದು ಮೇಲೇರಿದಾಗ ಅದರ ಬೀಪ್ ಸದ್ದನ್ನು ಮನೆಯ ರೇಡಿಯೋಗಳಲ್ಲಿ ಹಿಡಿದವರಲ್ಲಿ ಹ್ಯಾಮ್‌ಗಳು ಅನೇಕರಿದ್ದರು. ನಾಲ್ಕೇ ವರ್ಷಗಳಲ್ಲಿ ಅವರು ತಮ್ಮದೇ ಉಪಗ್ರಹವನ್ನು ಕಟ್ಟಿದರು. 1961ರ ಡಿಸೆಂಬರ್ 12ರಂದು ಕ್ಯಾಲಿಫೋರ್ನಿಯದಿಂದ ಹಾರಿದ ‘ಆಸ್ಕರ್-1’ರ ತೂಕ ಸುಮಾರು ನಾಲ್ಕೂವರೆ ಕಿಲೋ. ಬೇರೊಂದು ದೊಡ್ಡ ಉಪಗ್ರಹದ ಜೊತೆ ಅದು ಸಹಪ್ರಯಾಣಿಕನಂತೆ ಮೇಲೇರಿತು. ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎಂಬ ಎರಡಕ್ಷರದ ನಮಸ್ಕಾರವನ್ನಷ್ಟೇ ಹೇಳುತ್ತ 22 ದಿನ ಸುತ್ತಿತು. 28 ದೇಶಗಳ 570ಕ್ಕೂ ಹೆಚ್ಚು ಹ್ಯಾಮ್‌ಗಳು ಅದನ್ನು ಕೇಳಿ ವರದಿ ಕಳುಹಿಸಿದರು. 1965ರ ‘ಆಸ್ಕರ್-3’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನೆಲದಿಂದ ಬಂದ ಮಾತನ್ನು ಹಿಡಿದು ಮತ್ತೆ ನೆಲಕ್ಕೆ ಕಳುಹಿಸುವ ಟ್ರಾನ್ಸ್‌ಪಾಂಡರ್ ಅದರಲ್ಲಿತ್ತು. ಈ ಪ್ರಯತ್ನಗಳನ್ನು ಮುಂದುವರಿಸಲು 1969ರಲ್ಲಿ ‘ಆಮ್‌ಸ್ಯಾಟ್’ ಎಂಬ ಸಂಸ್ಥೆ ಹುಟ್ಟಿತು.

ಭಾರತದ ಉಪಗ್ರಹ ಯುಗ ಆರಂಭವಾದದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಅಲ್ಲಿ ರೂಪುಗೊಂಡ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಹ್ಯಾಮ್‌ಗಳ ಪಾಲಿಗೆ ಅಂಥ ದಿನ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ, 2004ರ ಡಿಸೆಂಬರ್ 26ರಂದು, ಸುನಾಮಿ ಅಪ್ಪಳಿಸಿತು. ಹವ್ಯಾಸಿ ಪ್ರಸಾರಕ್ಕೆಂದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ತಮ್ಮ ರೇಡಿಯೋವನ್ನು ಆ ಕೂಡಲೆ ಪರಿಹಾರ ಕಾರ್ಯಕ್ಕೆ ತಿರುಗಿಸಿದರು. ಆಗ ಅವರ ಕೈಯಲ್ಲಿದ್ದದ್ದು ಸಾಮಾನ್ಯ ಕಿರುತರಂಗ ರೇಡಿಯೋ. ಆದರೆ ಹವ್ಯಾಸವು ಯಾವ ಗಳಿಗೆಯಲ್ಲಾದರೂ ಸೇವೆಯಾಗಬಹುದು ಎಂಬುದನ್ನು ದೇಶವೆಲ್ಲ ಕಂಡಿತು.

2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಶ್ರೀಹರಿಕೋಟದ ಎರಡನೆಯ ಉಡಾವಣಾ ವೇದಿಕೆಯಿಂದ ಮೊದಲ ಬಾರಿಗೆ ಮೇಲೇರಿತು. ಕಾರ್ಟೊಸ್ಯಾಟ್-1ರ ಜೊತೆಯಲ್ಲಿದ್ದ ಸಹಪ್ರಯಾಣಿಕನೇ 42.5 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’. ಇದನ್ನು ಇಸ್ರೋ ಬೆಂಗಳೂರಿನ ತನ್ನ ಉಪಗ್ರಹ ಕೇಂದ್ರದಲ್ಲಿ ತಯಾರಿಸಿತ್ತು. ಒಳಗೆ ಎರಡು ಟ್ರಾನ್ಸ್‌ಪಾಂಡರ್‌ಗಳಿದ್ದವು: ಒಂದು ಭಾರತದ್ದು, ಇನ್ನೊಂದು ನೆದರ್ಲೆಂಡ್ಸಿನ ವಿದ್ಯಾರ್ಥಿ ವಿಲಿಯಂ ಲೈಡೆಕ್ಕರ್ ತಯಾರಿಸಿದ್ದು. ಜಗತ್ತಿನ ಹ್ಯಾಮ್‌ಗಳು ಅದನ್ನು ‘ವಿಯುಸ್ಯಾಟ್ ಆಸ್ಕರ್-52’ ಎಂದು ಕರೆದರು.

ಈಗ ಲೆಕ್ಕಕ್ಕೆ ಬರೋಣ. ನೆಲದಿಂದ 435.22ರಿಂದ 435.28 ಮೆಗಾಹರ್ಟ್ಸ್ ನಡುವೆ ಕಳುಹಿಸಿದ ಮಾತು ಹ್ಯಾಮ್‌ಸ್ಯಾಟ್ ಮೂಲಕ 145.87ರಿಂದ 145.93 ಮೆಗಾಹರ್ಟ್ಸ್ ನಡುವೆ ಹಿಂತಿರುಗುತ್ತಿತ್ತು. ಈ 60 ಕಿಲೋಹರ್ಟ್ಸ್ ಅಗಲದ ಹಾದಿಯಲ್ಲಿ ಏಕಕಾಲಕ್ಕೆ ಹಲವು ಸಂಭಾಷಣೆಗಳು ನಡೆಯಬಹುದಿತ್ತು. ಆದರೆ ಎಲ್ಲಕ್ಕೂ ಸೇರಿ ಉಪಗ್ರಹದ ಪ್ರಸಾರ ಶಕ್ತಿ ಸುಮಾರು 1 ವ್ಯಾಟ್ ಮಾತ್ರ. ಟ್ರಾನ್ಸ್‌ಪಾಂಡರ್ ತಾನು ಕೇಳಿದ ಪ್ರಮಾಣದಲ್ಲಿಯೇ ಈ ಶಕ್ತಿಯನ್ನು ಹಂಚುತ್ತದೆ. ಒಬ್ಬರು ಹೆಚ್ಚು ವ್ಯಾಟ್‌ಗಳಲ್ಲಿ ಕೂಗಿದರೆ ಅವರ ಪಾಲು ಬೆಳೆಯುತ್ತದೆ, ಉಳಿದವರ ಧ್ವನಿ ಕ್ಷೀಣಿಸುತ್ತದೆ. ಉಪಗ್ರಹ ಭೂಮಿಯ ನೆರಳಿನಲ್ಲಿ ಸಾಗುವಾಗ ಈ ಖರ್ಚೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ತಂತಿ ಕಟ್ಟಿ ಸಣ್ಣ ಆಂಟೆನಾ ಮಾಡಿಕೊಂಡ ವಿದ್ಯಾರ್ಥಿಯೇ ಇಲ್ಲಿ ಕೊನೆಭಾಗದ ರೈತ.

ಆದ್ದರಿಂದ ಹ್ಯಾಮ್‌ಗಳಲ್ಲಿ ಒಂದು ಸರಳ ನಿಯಮ ಬೆಳೆದು ಬಂತು. ಉಪಗ್ರಹವು ತಾನೇ ಸದಾ ಬಿಡುವ ಗುರುತಿನ ಸಂಕೇತಕ್ಕೆ ಬೀಕನ್ ಎಂದು ಹೆಸರು. ಹಿಂತಿರುಗಿ ಬರುವ ನಿಮ್ಮ ಧ್ವನಿಯನ್ನು ನೀವೇ ಕೇಳಿಸಿಕೊಳ್ಳಬೇಕು. ಅದು ಬೀಕನ್‌ಗಿಂತ ಗಟ್ಟಿಯಾಗಿದ್ದರೆ ಶಕ್ತಿಯನ್ನು ತಗ್ಗಿಸಬೇಕು. ಧ್ವನಿ ಕೇಳಿಸದಿದ್ದರೆ ಪ್ರಸಾರ ಹೆಚ್ಚಿಸುವುದು ಪರಿಹಾರವಲ್ಲ. ಮೊದಲು ಆಂಟೆನಾವನ್ನೂ ರಿಸೀವರನ್ನೂ ಸುಧಾರಿಸಬೇಕು.

ಹೊಸಬರು ಆರಂಭಿಸುವುದೂ ಈ ಕೇಳುವ ಕೆಲಸದಿಂದಲೇ. ಸುಮಾರು 600 ಕಿಲೋಮೀಟರ್ ಎತ್ತರದ ಉಪಗ್ರಹವು ಸರಸ್ವತಿ ನಗರದ ಒಂದು ತಾರಸಿಯ ಮೇಲೆ ಹಾದುಹೋಗಲು ಹೆಚ್ಚೆಂದರೆ ಹನ್ನೆರಡು–ಹದಿಮೂರು ನಿಮಿಷ ಬೇಕು. ಅದು ಯಾವಾಗ, ಯಾವ ದಿಕ್ಕಿನಿಂದ ಏರುತ್ತದೆಂಬುದನ್ನು ಕಂಪ್ಯೂಟರ್ ಅಥವಾ ಮೊಬೈಲ್ ಮುಂಚೆಯೇ ಲೆಕ್ಕಹಾಕಿ ಕೊಡುತ್ತದೆ. ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾವನ್ನು ಹಳೆಯ ಉಕ್ಕಿನ ಅಳತೆಪಟ್ಟಿಯಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಹತ್ತಿರ ಬರುವ ರೈಲಿನ ಸೀಟಿ ಕೀಚಾಗಿ, ದೂರ ಸರಿದಾಗ ಗಡುಸಾಗಿ ಕೇಳುವಂತೆ ಉಪಗ್ರಹದ ತರಂಗಾಂತರವೂ ಸರಿಯುತ್ತದೆ. 435 ಮೆಗಾಹರ್ಟ್ಸ್‌ನಲ್ಲಿ ಈ ಡಾಪ್ಲರ್ ವ್ಯತ್ಯಾಸ ಎರಡೂ ಕಡೆಗೆ ಸುಮಾರು 10 ಕಿಲೋಹರ್ಟ್ಸ್ ಇರುವುದರಿಂದ ಟ್ಯೂನಿಂಗ್ ಬದಲಿಸುತ್ತಲೇ ಇರಬೇಕು.

ಪ್ರಸಾರ ಮಾಡಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಮತ್ತು ಕರೆಸಂಕೇತ ಪಡೆಯಲೇಬೇಕು. ಆ ಬಳಿಕ ಮಾತು ಚುಟುಕಾಗಿರಲಿ: ಕರೆಸಂಕೇತ, ಸ್ಥಳದ ಚೌಕ, ವಂದನೆ, ಅಷ್ಟು ಸಾಕು. ಹ್ಯಾಮ್‌ಗಳು ಭೂಪಟವನ್ನು ಚೌಕಗಳಾಗಿ ವಿಂಗಡಿಸಿಕೊಂಡಿದ್ದಾರೆ. ದಾವಣಗೆರೆ, ಹರಿಹರ ಎರಡೂ ‘ಎಂಕೆ 74’ರಲ್ಲಿವೆ, ಬೆಂಗಳೂರು ‘ಎಂಕೆ 82’. ಇಬ್ಬರು ಮಾತನಾಡುತ್ತಿರುವಾಗ ನಡುವೆ ನುಗ್ಗಬಾರದು. ಒಮ್ಮೆ ಸಂಪರ್ಕವಾದವರು ಹೊಸಬರಿಗೆ ಜಾಗ ಬಿಡಬೇಕು. ಯಾರೋ ಕ್ಷೀಣವಾಗಿ ಕರೆಯುತ್ತಿದ್ದರೆ ಉಳಿದವರು ಕ್ಷಣಕಾಲ ಸುಮ್ಮನಿರಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವಂಥ ಎಫ್‌ಎಂ ಪುನರ್‌ಪ್ರಸಾರಕಗಳಲ್ಲಿ ಒಂದು ಹೊತ್ತಿಗೆ ಒಬ್ಬರ ಮಾತಿಗೆ ಮಾತ್ರ ಎಡೆಯಿರುವುದರಿಂದ ಈ ಸಂಯಮ ಇನ್ನೂ ಹೆಚ್ಚು ಬೇಕು.

2018ರ ನವೆಂಬರ್ 15ರಂದು ಹಾರಿದ ಕತಾರಿನ ಎಸ್‌ಹೇಲ್-2 ಉಪಗ್ರಹದಲ್ಲಿ ಹ್ಯಾಮ್‌ಗಳಿಗೂ ಟ್ರಾನ್ಸ್‌ಪಾಂಡರ್ ಒದಗಿಸಲಾಯಿತು. ಭೂಸ್ಥಿರ ಕಕ್ಷೆಯಲ್ಲಿರುವ ಇದು ದಾವಣಗೆರೆಯಿಂದ ನೋಡಿದರೆ ಪಶ್ಚಿಮದಲ್ಲಿ ದಿಗಂತಕ್ಕಿಂತ ಸುಮಾರು 30 ಡಿಗ್ರಿ ಮೇಲೆ ಸದಾ ಒಂದೇ ಕಡೆ ನಿಂತಿರುತ್ತದೆ. ಯಾರಾದರೂ ಮಿತಿ ಮೀರಿದ ಶಕ್ತಿ ಬಳಸಿದರೆ ಅವರ ಧ್ವನಿಯ ಮೇಲೆಯೇ ಎಚ್ಚರಿಕೆಯ ಸೈರನ್ ಕೇಳಿಸುವ ‘ಲೈಲಾ’ ಎಂಬ ವ್ಯವಸ್ಥೆಯನ್ನು ಅದಕ್ಕೆ ಅಳವಡಿಸಿದ್ದಾರೆ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದಂತೆ ಇದು. ಹ್ಯಾಮ್‌ಸ್ಯಾಟ್‌ಗೆ ಅಂಥ ಕಾವಲು ಇರಲಿಲ್ಲ; ಅದು ನಡೆದದ್ದು ಬಳಸುವವರ ವಿವೇಕದ ಮೇಲೆ.

ಎರಡು ವರ್ಷ ಬಾಳಲಿ ಎಂದು ಕಳುಹಿಸಿದ ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷ ದುಡಿಯಿತು. 2014ರ ಜುಲೈ 11ರಂದು ಅದರ ಲಿಥಿಯಂ ಅಯಾನ್ ಬ್ಯಾಟರಿ ಕೈಕೊಟ್ಟಿತು, ಬೀಕನ್ ನಿಂತಿತು. ಹನ್ನೊಂದು ವರ್ಷಗಳ ಅನಂತರ, 2025ರ ಜುಲೈ 4ರಂದು, ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಹ್ಯಾಮ್ ರೇಡಿಯೋ ಮೂಲಕ ವಿದ್ಯಾರ್ಥಿಗಳೊಡನೆ ಮಾತನಾಡಿದರು. ಆ ಮಕ್ಕಳು ನೆರೆದಿದ್ದುದು ಹ್ಯಾಮ್‌ಸ್ಯಾಟ್ ತಯಾರಾದ ಅದೇ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ. ಈಗ ಅದಕ್ಕೆ ಯು.ಆರ್. ರಾವ್ ಅವರ ಹೆಸರು. ನಿಲ್ದಾಣ ಬಾನಿನಲ್ಲಿ ಹಾದುಹೋಗುವ ಆ ಕೆಲವೇ ನಿಮಿಷಗಳಲ್ಲಿ ಒಬ್ಬೊಬ್ಬರೂ ಸರದಿ ಕಾದು ಚುಟುಕಾಗಿ ಕೇಳಿದಾಗಲೇ ಎಲ್ಲರಿಗೂ ಉತ್ತರ ಸಿಗುತ್ತದೆ. ಈ ಶಿಸ್ತನ್ನು ಹರಿಹರದ ಒಂದು ಶಾಲೆಯ ಮಾಳಿಗೆಯ ಮೇಲೆಯೂ ಕಲಿಯಬಹುದು. ಒಂದು ಸಂಜೆ ನಾಲ್ಕು ಮಕ್ಕಳು, ಒಂದು ಆಂಟೆನಾ, ಒಂದು ರಿಸೀವರ್ ಇದ್ದರೆ ಆರಂಭಕ್ಕೆ ಸಾಕು.